ಅಕ್ಕೋರ ಗಾಡಿಯ ಮೂರು ಅಂಕಿ

ನಂಬಬ್ಯಾಡ್ರಿ. ಮೊದಲಿಗೇ ಹೇಳಿಬಿಡ್ತೇನಿ. ಹಳೇ ಹುಬ್ಬಳ್ಳ್ಯಾಗ ಯಾರನ್ನರ ಕೇಳ್ರಿ, ‘ಆ ತಗಡ ಬಡಿಯೋ ಮುದುಕ ಮಿಸ್ತ್ರಿನಾ? ಅವನ ಬಾಯಾಗಿಂದ ಖರೇ ಮಾತು ಅಮಾಸಿಗೊಮ್ಮಿ ಬರ್ತೈತಿ, ಅದೂ ತಪ್ಪಿ’ ಅಂತಾರ. ಹಂಗಂದ್ರ ನನಗ ಸಿಟ್ಟಿಲ್ಲ, ಹೆಮ್ಮಿ. ಈಗ ನಾ ಹೇಳೂದನ್ನ ಪೂರ್ತಿ ಕೇಳ್ರಿ. ಕೇಳಿ, ‘ಇದು ಸುಳ್ಳು’ ಅಂತ ಯಾವದರ ಒಂದು ಜಾಗಾಕ್ಕ ಬಟ್ಟು ಇಟ್ಟು ತೋರಸ್ರಿ. ನನ್ನ ಸವಾಲ್ ಐತಿ. ಮೂರು ಸೆಕೆಂಡಿನ್ಯಾಗ ಒಂದು ಗಾಡಿಯ ನಂಬರ್ ಅಳಿಸಿ, ಅದನ್ನ ಮತ್ತ ಬರ್ಯಾಕ ಐದು ತಿಂಗಳು ಒದ್ದಾಡಿದ ಮನಶ್ಯಾ ಹುಬ್ಬಳ್ಳಿ, ಧಾರವಾಡ ಎರಡೂ ಊರಾಗ ನಾ ಒಬ್ಬನ.

ಹಳೇ ಕಾರು ಇಟ್ಕೊಂಡವ್ರ ಜಾತೀನ ಬ್ಯಾರೆ. ಹೊಸಾ ಗಾಡಿಯಂವ ಬಂದ್ರ ‘ಎಷ್ಟೊತ್ತಾಗತೈತಿ’ ಅಂತ ಕೇಳ್ತಾನ. ಹಳೇ ಗಾಡಿಯಂವ ಮೊದಲ ಕುಂಡ್ರತಾನ, ಚಾ ಕುಡೀತಾನ, ಕಥಿ ಹೇಳ್ತಾನ. ಬಾನೆಟ್ ತಗಿಯೂದು ಆಮ್ಯಾಲೆ. ಬೆಂಗೇರಿಯಿಂದ ಒಬ್ಬ ಜೀಪಿನಂವ ಬರ್ತಾನ. ಅವರಪ್ಪ ಆ ಜೀಪಿನ್ಯಾಗ ಹತ್ತಿ ಹೇರಕೊಂಡು ಬರ್ತಿದ್ನಂತ, ಸೀಟಿನ ಸಂದ್ಯಾಗ ಸಿಕ್ಕೊಂಡ ಹತ್ತಿ ಸೈತ ತಗಿಗೊಡಂಗಿಲ್ಲ. ಇನ್ನೊಬ್ಬರು ವಕೀಲರು. ಹಾರ್ನ್ ಕೆಟ್ಟು ಕಪ್ಪಿ ಒದರಿದಂಗ ಒದರಿದ್ರೂ ಬದಲಿ ಮಾಡಸಂಗಿಲ್ಲ. ಯಾಕಂದ್ರ ಆ ಹಾರ್ನ್ ಕೇಳಿ ಅವ್ರ ಹೇಣ್ತಿ ಮದಿವಿಗಿಂತಾ ಮೊದಲ ಮಾಳಗಿ ಮ್ಯಾಲಿಂದ ಇಣಿಕಿ ನೋಡಿದ್ರಂತ.

‘ಈಗ ಆ ಹಾರ್ನ್ ಹೊಡದ್ರ ಬಾಯಾರು ಇಣಿಕ್ತಾರೇನ್ರಿ?’ ಅಂದೆ.

‘ಈಗ ಬಾಗಲಾ ಹಾಕ್ಕೋತಾಳ’ ಅಂದ್ರು.

ಇಂಥಾವೆಲ್ಲಾ ಕೇಳಕೋತ ಕೈ ಕೆಲಸ ಮಾಡೂದು ನನ್ನ ರೂಢಿ. ಅರ್ಧಾ ಕೇಳ್ತೇನಿ, ಅರ್ಧಾ ಬಿಡ್ತೇನಿ. ಧಾರವಾಡದ ಸಪ್ತಾಪುರದ ಅಕ್ಕೋರ ಕಥೀನ ಮಾತ್ರ ಪೂರ್ತಿ ಕೇಳಿದ್ದೆ. ಪೂರ್ತಿ ಕೇಳೀನ ತಪ್ಪ ಮಾಡಿದೆ, ಅದು ಇನ್ನೂ ಕೆಟ್ಟದ್ದು.

ಅಕ್ಕೋರು ಅಂದ್ರ ಹೆಣ್ಣಮಕ್ಕಳ ಸಾಲ್ಯಾಗ ಗಣಿತ ಕಲಿಸಿ ರಿಟೈರ್ ಆದವ್ರು. ಕೆನಿ ಬಣ್ಣದ ಪದ್ಮಿನಿ ಗಾಡಿ, ಗೇರು ಸ್ಟೇರಿಂಗಿನ ಪಕ್ಕಕ್ಕ. ಮೂವತ್ತು ವರ್ಷದಿಂದ ಅದರ ತಗಡು ನಂದ. ಅವ್ರ ಜೋಡಿ ನಾ ಮಾಡಿದ ಚಾಷ್ಟಿ ಒಂದೆರಡಲ್ಲ. ಒಮ್ಮಿ ಚಕ್ರದ ಮುಚ್ಚಳದಾಗ ಎರಡು ಗೋಲಿಗುಂಡ ಹಾಕಿ ಕಳಿಸಿದ್ದೆ, ಹದಿನೈದು ದಿನ ಆ ‘ಟಣ್ ಟಣ್’ ಹುಡುಕ್ಯಾಡಿದ್ರು. ಒಮ್ಮಿ ಫೋನ್ ಮಾಡಿ ‘ಅಕ್ಕೋರ, ನಿಮ್ಮ ಗಾಡಿ ಡಿಕ್ಕಿನ್ಯಾಗ ಬೆಕ್ಕು ಮರಿ ಹಾಕೈತಿ, ಮೂರು ತಿಂಗಳು ಗಾಡಿ ಅಲ್ಲಾಡಸಂಗಿಲ್ಲ, ಪಾಪ ಹತ್ತೈತಿ’ ಅಂದಿದ್ದೆ. ಪಾಪ, ಸೀಸಾದಾಗ ಹಾಲು ತಗೊಂಡು ಸಪ್ತಾಪುರದಿಂದ ಹುಬ್ಬಳ್ಳಿಗೆ ಬಂದಿದ್ರು. ಆ ಹಾಲಿನ ಚಾ ಮಾಡಿ ಅವ್ರಿಗೇ ಕುಡಿಸಿದೆ. ಇಂಥಾ ಕೀರ್ತಿ ನಂದು. ಇದು ಮುಂದ ನನಗ ಎಷ್ಟು ಮುಳುವಾತು ಅನ್ನೂದು ನೋಡ್ರಿ.

ಕಾರಹುಣ್ಣಿವಿ ಮುಗದು ನಾಲ್ಕು ದಿನ ಆಗಿತ್ತು. ಅಕ್ಕೋರು ತಾವ ಗಾಡಿ ಹೊಡಕೊಂಡು ಬಂದ್ರು. ಇಳದು, ನಮ್ಮ ಗ್ಯಾರೇಜಿನ ಮುರಕಾ ಖುರ್ಚಿ ಮ್ಯಾಲೆ ಕುಂತ್ರು.

‘ಮಿಸ್ತ್ರಿ, ಈ ಗಾಡಿ ಯಾರದು?’

‘ನಿಮ್ಮದ್ರಿ.’

‘ಬುಕ್ ತಗದು ನೋಡು.’

ಆರ್‌ಸಿ ಬುಕ್ ತಗದು ನೋಡಿದೆ. ಹಳೇ ಕಾಲದ ಬುಕ್ಕು, ಹಾಳಿ ಹಳದಿ ಆಗಿದ್ವು. ಮೊದಲನೇ ಹೆಸರು ಅವ್ರ ಮಾವನವ್ರದು. ಅದರ ಕೆಳಗ ಗಂಡನದು. ಅಷ್ಟ.

‘ನನ್ನ ತವರಮನಿಯಿಂದ ಬಂದ ನಾಲ್ಕು ಬಂಗಾರದ ಪಾಟ್ಲಿ ಮುರಿಸಿ ತಗೊಂಡ ಗಾಡಿ ಇದು’ ಅಂದ್ರು ಅಕ್ಕೋರು. ‘ಹೆಸರು ಹಚ್ಚೂ ಮುಂದ ಮಾವನವ್ರು, ಹೆಣ್ಣಮಕ್ಕಳ ಹೆಸರಿಗೆ ಯಾರರ ಗಾಡಿ ಮಾಡ್ತಾರೇನು ಅಂದ್ರು. ಅವ್ರ ಹೆಸರಿಗೆ ಆತು. ಅವ್ರು ತೀರಕೊಂಡ ಮ್ಯಾಲೆ ನಮ್ಮನಿಯವ್ರ ಹೆಸರಿಗೆ ಆತು. ಇಬ್ಬರಿಗೂ ಗಾಡಿ ಹೊಡ್ಯಾಕ ಬರ್ತಿದ್ದಿಲ್ಲ.’

‘ಹಂಗಾರ ಯಾರು ಹೊಡೀತಿದ್ರು?’

‘ಯಾರು ಹೊಡೀತಿದ್ರು ಅಂತ ಕೇಳ್ತಿಯಲ್ಲೋ. ನಾನ. ಮುಂಜಾನಿ ಮಾವನವ್ರನ್ನ ಕಾಳಿನ ಅಂಗಡಿಗೆ ಬಿಟ್ಟು, ನಮ್ಮನಿಯವ್ರನ್ನ ಆಫೀಸಿಗೆ ಬಿಟ್ಟು, ಆಮ್ಯಾಲೆ ನಾ ಸಾಲಿಗೆ. ಮಾಲಕರು ಹಿಂದ ಕುಂಡ್ರೂದು, ಡ್ರೈವರ್ ಮುಂದ.’

ಗಂಡ ತೀರಿ ಎರಡು ವರ್ಷ ಆಗಿತ್ತು. ಮಕ್ಕಳು ಬೇಕಾದ ಕಾಗದಕ್ಕೆಲ್ಲಾ ಸಹಿ ಹಾಕಿ ಕೊಟ್ಟಿದ್ರು. ಈಗ ಗಾಡಿ ತಮ್ಮ ಹೆಸರಿಗೆ ಆಗಬೇಕು ಅನ್ನೂದು ಅಕ್ಕೋರ ಹಟ. ಅದರಾಗ ಒಂದು ಪೇಚು ಇತ್ತು. ಅವ್ರ ಕಣ್ಣಿನ ಪರದಿ ಸವ್ಯಾಕತ್ತಿತ್ತು. ಈಗ ಕಾಣತೈತಿ, ಮುಂದಿಂದು ಗೊತ್ತಿಲ್ಲ ಅಂತ ಡಾಕ್ಟ್ರು ಹೇಳಿದ್ರು. ಲೈಸೆನ್ಸು ಅವ್ರ ಹುಟ್ಟಿದ ದಿನಕ್ಕ, ಅಂದ್ರ ದೀಪಾವಳಿ ಮುಗದು ವಾರಕ್ಕ ಮುಗೀತಿತ್ತು. ಮತ್ತ ಮಾಡಸಾಕ ಡಾಕ್ಟ್ರ ಸಹಿ ಬೇಕು. ಡಾಕ್ಟ್ರು ಹಾಕಂಗಿಲ್ಲ ಅಂತ ಈಗಿಂದ್ಲೇ ಹೇಳಿದ್ರು.

‘ಅದರೊಳಗ ಒಂದ ದಿನ’ ಅಂದ್ರು ಅಕ್ಕೋರು. ‘ನನ್ನ ಹೆಸರಿನ ಗಾಡಿ, ನನ್ನ ಲೈಸೆನ್ಸಿನ್ಯಾಗ, ನಾನ ಹೊಡೀಬೇಕು. ಸಪ್ತಾಪುರದಿಂದ ಹೊಂಟು ಒಂದು ಸುತ್ತು ಹಾಕಿ ಬಂದ್ರ ಸಾಕು.’

‘ಐದು ತಿಂಗಳು ಐತ್ರಿ ಅಕ್ಕೋರ. ಇದು ಒಂದು ವಾರದ ಕೆಲಸ. ಮಿಸ್ತ್ರಿ ಯಾರು ಅನ್ಕೊಂಡ್ರಿ?’ ಅಂತ ಎದಿ ಬಡಕೊಂಡೆ.

ಹೆಸರು ಬದಲಿ ಮಾಡೂ ಮುಂದ ಗಾಡಿಯ ಚೆಸ್ಸಿ ನಂಬರು ಬುಕ್ಕಿನ ನಂಬರಿಗೆ ತಾಳಿ ಆಗಬೇಕಾಗತೈತಿ. ಬಾನೆಟ್ ತಗದ್ರ ಇಂಜಿನ್ನಿಗೂ ಮಂದಿ ಕುಂಡ್ರೂ ಜಾಗಾಕ್ಕೂ ನಡಬರಕ ಒಂದು ತಗಡಿನ ಗ್ವಾಡಿ ಇರತೈತಿ. ಈ ಗಾಡ್ಯಾಗ ನಂಬರು ಆ ತಗಡಿನ ಮ್ಯಾಲೆ ಕೊರದದ್ದು. ಅದರ ಮ್ಯಾಲೆ ತೆಳ್ಳನ್ನ ಟೇಪಿನ ಪಟ್ಟಿ ಹಚ್ಚಿ, ಪೆನ್ಸಿಲ್ ತಿಕ್ಕಿದ್ರ ಅಂಕಿ ಎದ್ದು ಕಾಣತಾವು. ಆ ಪಟ್ಟೀನ ಕಿತ್ತು ಅರ್ಜಿಗೆ ಅಂಟಸೂದು. ಸಾಲಿ ಹುಡುಗ್ರು ನಾಣ್ಯಾದ ಮ್ಯಾಲೆ ಕಾಗದಾ ಇಟ್ಟು ತಿಕ್ಕಿದಂಗ, ಅಷ್ಟ ಕೆಲಸ.

ತಿಕ್ಕಿದೆ. ಕಡೀ ಮೂರು ಅಂಕಿ ಬರಲಿಲ್ಲ. ಹತ್ರನ ಬ್ಯಾಟರಿ ಇತ್ತು. ಅದರ ಆಸಿಡ್ ಹವಾ ಬಡದು ಬಡದು ಅಲ್ಲಿ ಜಂಗು, ಅಂದ್ರ ತುಕ್ಕು, ಹಿಡದಿತ್ತು, ಜಂಗಿನ ಮ್ಯಾಲೆ ಯಾವನೋ ಪುಣ್ಯಾತ್ಮ ಎರಡು ಸಲ ಬಣ್ಣ ಹೊಡದಿದ್ದ. ಆ ಪುಣ್ಯಾತ್ಮ ನಾನ.

ನಮ್ಮ ಮಗ್ಗಲದ ಪೇಂಟರ್ ಭಾಯ್ ಬಂದು ಇಣಿಕಿ ನೋಡಿದ. ನಾವಿಬ್ಬರೂ ಒಂದ ಗ್ವಾಡಿ ಹಂಚ್ಕೊಂಡು ಕೆಲಸಾ ಮಾಡೂದು.

‘ಉಸ್ತಾದ್, ಇದಕ್ಕ ಮಷೀನ್ ಹಚ್ಚಬ್ಯಾಡ. ಬಣ್ಣಾ ಕರಗಸೂ ರಿಮೂವರ್ ಹಚ್ಚಿ, ಅರಬಿ ತಗೊಂಡು ಸಾವಕಾಶ ಒರಸು. ಎರಡು ದಿನ ಹಿಡೀಲಿ.’

‘ಎರಡು ದಿನಾ? ನಿನಗ ಬ್ಯಾರೆ ಕೆಲಸಿಲ್ಲ. ಆರ್‌ಟಿಓ ಸಾಹೇಬ್ರು ಕಪ್ಪು ಚಸ್ಮಾ ಹಾಕ್ಕೊಂಡು ನೋಡಬೇಕು, ಹಂಗ ಮಿಂಚಸ್ತೇನಿ ನೋಡು’ ಅಂದು ಗ್ರೈಂಡರಿಗೆ ತಂತಿ ಬ್ರಷ್ ಹಚ್ಚಿ ಒಮ್ಮಿ ಮುಟ್ಟಿಸಿದೆ. ಒಂದು, ಎರಡು, ಮೂರು. ಬಂದ್ ಮಾಡಿದೆ.

ಮಿಂಚಿತು. ಬೆಳ್ಳಿ ತಾಟಿನಂಗ ಮಿಂಚಿತು. ಅಂಕಿ ಇರಲಿಲ್ಲ.

ನಾ ಏನು ಅನ್ಕೊಂಡಿದ್ದೆ ಅಂದ್ರ, ಅಂಕಿ ತಗಡಿನ್ಯಾಗ ಅದಾವು, ಜಂಗು ಮ್ಯಾಲೆ ಐತಿ ಅಂತ. ಖರೇ ಏನಂದ್ರ ಆ ಜಾಗಾದಾಗ ತಗಡ ಉಳದಿರಲಿಲ್ಲ, ಜಂಗ ಉಳದಿತ್ತು. ಅಂಕಿ ಆ ಜಂಗಿನ್ಯಾಗ ಜೀವಾ ಹಿಡಕೊಂಡಿದ್ವು. ಬ್ರಷ್ ತಾಗಿದ ಕೂಡಲೆ ಹಪ್ಪಳ ಉದುರಿದಂಗ ಉದುರಿ ನೆಲಕ್ಕ ಬಿದ್ದಿದ್ವು. ಕೆಳಗ ಬಗ್ಗಿ ಆ ಕೆಂಪು ಪುಡೀನ ಬಟ್ಟಲೆ ತಡವಿ ನೋಡಿದೆ. ಯಾವದು ಅಂಕಿ, ಯಾವದು ಕಸಾ.

ಪೇಂಟರ್ ಭಾಯ್ ಬಗ್ಗಿ ನೋಡಿದ. ನಕ್ಕ. ‘ಎಲ್ಲೆ ಮುಚ್ಚಿಟ್ಟೀ? ಮ್ಯಾಲೆ ಏನರ ಪಟ್ಟಿ ಹಚ್ಚೀ ಏನು?’

‘ಖರೇನ ಹೋತೋ ಭಾಯ್.’

‘ಹೋಗಾಂವ ನೀ. ಹ್ವಾದ ವರ್ಷ ನನ್ನ ಸ್ಪ್ರೇ ಗನ್ನಿನ್ಯಾಗ ಗೋಂದು ಹಾಕಿದಾಗನೂ ಹಿಂಗ ಮಾರಿ ಮಾಡಿದ್ದಿ’ ಅಂದು ಹೊಂಟ ಹ್ವಾದ.

ಆ ದಿನಾ ಸಂಜಿತನಕಾ ಆ ತಗಡಿನ ಮುಂದ ಕುಂತೆ. ಸುಣ್ಣದ ಪುಡಿ ಹಚ್ಚಿ ಒರಸಿದೆ, ಕೊರದ ಗುರ್ತು ಇದ್ರ ಅದರಾಗ ಬೆಳ್ಳಗ ಉಳೀತೈತಿ. ಉಳೀಲಿಲ್ಲ. ಅಡ್ಡ ಬೆಳಕು ಬಿಟ್ಟು ನೋಡಿದೆ. ಭೂತಗನ್ನಡಿ ಹಿಡದು ನೋಡಿದೆ. ಮರುದಿನ ಮುಂಜಾನಿ ಹಿಂದೊಮ್ಮಿ ಒಬ್ಬ ಪೊಲೀಸಪ್ಪ ಹೇಳಿದ್ದು ನೆನಪಾತು. ಕಳುವಿನ ಗಾಡಿ ನಂಬರ್ ಕಳ್ಳರು ಅಳಿಸಿದ್ರ, ಆ ಜಾಗಾಕ್ಕ ಆಸಿಡ್ ಹಚ್ಚತಾರಂತ. ಅಂಕಿ ಹೊಡದಲ್ಲೆ ಒಳಗಿನ ಲೋಹಾನೂ ದಬ್ಬಿರತೈತಿ, ಆಸಿಡ್ ಅದನ್ನ ಬ್ಯಾರೆ ನಮೂನಿ ತಿಂತೈತಿ, ಒಂದು ಗಳಿಗಿ ಅಂಕಿ ನೆರಳು ಕಾಣತೈತಿ. ಹತ್ತಿ ಉಂಡಿ ಕಡ್ಡಿಗೆ ಸುತ್ತಿ, ಬ್ಯಾಟರಿ ಆಸಿಡ್ಡಿನ್ಯಾಗ ಎದ್ದಿ ಸಾವಕಾಶ ಒರಸಿದೆ. ಬುರುಗು ಬಂತು. ಮತ್ತ ಒರಸಿದೆ. ಮೂರನೇ ಸಲಕ್ಕ ಏನೋ ಒಂದು ಡೊಂಕ ಗೆರಿ ಎದ್ದಿತು. ಮೂರೋ ಎಂಟೋ, ಅರ್ಧಾ ಚಂದ್ರ ಇದ್ದಂಗ ಇತ್ತು. ಇನ್ನೊಂದ ಸಲಾ ಅಂತ ಒರಸಿದೆ.

ತೂತು ಬಿತ್ತು.

ಬಟಾಣಿ ಕಾಳಿನಷ್ಟು ತೂತು. ಅದರಾಗಿಂದ ಒಳಗಿನ ಸೀಟು ಕಾಣತಿತ್ತು, ಡ್ರೈವರ್ ಸೀಟು.

ಫೋನ್ ಮಾಡಿದೆ. ‘ಅಕ್ಕೋರ, ನಿಮ್ಮ ಗಾಡಿ ನಂಬರ್ ಹೋತ್ರಿ. ನಾನ ಅಳಿಸಿಬಿಟ್ಟೆ. ಈಗ ಅಲ್ಲೆ ತೂತ ಐತ್ರಿ.’

‘ಹೌದಪಾ. ತೂತಿನ್ಯಾಗ ಬೆಕ್ಕು ಮರಿ ಹಾಕೈತೇನು?’

‘ನಮ್ಮವ್ವನಾಣಿ, ಖರೇ ರೀ.’

‘ನಿಮ್ಮವ್ವನ ಆಣಿ ನನ್ನ ಮುಂದ ಹತ್ತು ಸಲ ಮಾಡೀ. ಪಾಪ, ಆ ಮುದುಕಿ ತೀರಿ ಮ್ಯಾಲೆ ಹ್ವಾದ್ರೂ ಬಿಡವಲ್ಲಿ. ಪೆನ್ಸಿಲ್ ಕಾಗದಾ ಶುಕ್ರವಾರ ಕೊಡು, ಏಜೆಂಟ್ ಕೇಳಾಕತ್ತಾನ’ ಅಂದು ಫೋನ್ ಇಟ್ಟುಬಿಟ್ರು.

ಏಜೆಂಟ್ ಅಂದ್ರ ಅಕ್ಕೋರ ಅರ್ಜಿ ಹಿಡಕೊಂಡು ಆರ್‌ಟಿಓ ಆಫೀಸಿಗೆ ತಿರಗ್ಯಾಡೂ ಮನಶ್ಯಾ. ಅಂವಗ ಹೇಳಿದೆ. ಅಂವ ನಂಬಿದ, ಯಾಕಂದ್ರ ಅಂವಗ ನನ್ನ ಗುರುತಿದ್ದಿಲ್ಲ. ಖರೇ ಹೇಳಿದ್ರ ನಂಬಾಕ ಅಪರಿಚಿತನ ಬೇಕಾತು ನನಗ.

‘ಇದೇನು ದೊಡ್ಡ ಮಾತು?’ ಅಂದ ಅಂವ. ‘ಬುಕ್ಕಿನ್ಯಾಗ ನಂಬರ್ ಐತಿ. ಒಂದು ತಗಡಿನ ತುಂಡು ಹಚ್ಚಿ, ಮೂರ ಅಂಕಿ ನೀನ ಹೊಡಿ. ಮ್ಯಾಲೆ ಕಪ್ಪ ಬಣ್ಣ. ಯಾರು ನೋಡ್ತಾರ?’

ನನಗೂ ಅದ ಹೊಳದಿತ್ತು. ಹೊಳೀಲಿಲ್ಲ ಅಂದ್ರ ಸುಳ್ಳಾಗತೈತಿ. ಅಂಕಿ ಪಂಚಿನ ಡಬ್ಬಿ ನಂತಾಕನ ಇತ್ತು, ಸೊನ್ನಿಯಿಂದ ಒಂಬತ್ತರ ತನಕಾ. ತಗಡಿನ ತುಂಡು ಕತ್ತರಿಸಿದೆ, ಹಿಂದ ಕಟಗಿ ಅಡ್ಡ ಕೊಟ್ಟೆ. ಮೊದಲನೇ ಪಂಚ್ ಇಟ್ಟು ಸುತ್ತಿಗಿ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು.

ಹೊಡೀತೇನಿ ಅಂತ ಇಟ್ಕೋರಿ. ಇವತ್ತು ಯಾರೂ ನೋಡಂಗಿಲ್ಲ. ನಾಳಿ ಯಾರೋ ಒಬ್ಬ ಸಾಹೇಬ ನೋಡ್ತಾನ. ಹಳೇ ಅಂಕಿ ದುಂಡಗ, ನನ್ನ ಅಂಕಿ ಚೌಕ. ಸಾಣಿ ಕಣ್ಣಿಂದ ನೋಡಿದ್ರ ಮೂರು ಬ್ಯಾರೆ ಕಾಣತಾವು. ಆವಾಗ ಇದು ಕಳುವಿನ ಗಾಡಿ ಆಗತೈತಿ. ಮಾಲಕರು ಯಾರು? ಅಕ್ಕೋರು. ಐವತ್ತು ವರ್ಷದ ಮ್ಯಾಲೆ ಒಂದು ಕಡೆ ಅವ್ರ ಹೆಸರು ಬರಸಾಕ ಹೊಂಟಾಂವ, ಪೊಲೀಸ್ ಸ್ಟೇಷನ್ನಿನ ಪುಸ್ತಕದಾಗ ಬರಸಿದಂಗಾಗತಿತ್ತು.

ಸುತ್ತಿಗಿ ಕೆಳಗ ಇಟ್ಟೆ. ಕೈ ತೊಳಕೊಂಡೆ. ಚಿಗರಿ ಬಸ್ ಹತ್ತಿ ಧಾರವಾಡಕ್ಕ ಹ್ವಾದೆ.

ಸಪ್ತಾಪುರದ ಆ ಮನಿ ಮುಂದ ಕಂಪೌಂಡು, ಅದರಾಗ ಬಾಡಿಗಿಗೆ ಇರೂ ಹುಡುಗ್ರ ಗಾಡಿ ಸಾಲಾಗಿ ನಿಂತಿದ್ವು. ಅಕ್ಕೋರು ಚಾ ಮಾಡಿ ಕೊಟ್ರು. ಮೊಬೈಲಿನ್ಯಾಗ ತಗದ ಫೋಟೋ ತೋರಿಸಿದೆ. ಅವ್ರು ಮೊಬೈಲ್ ಕಣ್ಣ ಹತ್ರ ಹಿಡದು, ಮಾರಿ ಒಂದು ಸ್ವಲ್ಪ ಓರಿ ಮಾಡಿ ನೋಡಿದ್ರು.

‘ಇದು ಯಾವದೋ ಸ್ಟೀಲ್ ತಾಟಿನ ಫೋಟೋ.’

ಹೊರಗ ಬಾಡಿಗಿ ಹುಡುಗ ಒಬ್ಬ ಬೈಕಿಗೆ ಕಿಕ್ ಹೊಡೀತಿದ್ದ, ಅದು ಚಾಲೂ ಆಗವಲ್ದಾಗಿತ್ತು. ಅದನ್ನ ಕೇಳಕೋತ ಕುಂತೆ. ಚಾದ ಮ್ಯಾಲೆ ಕೆನಿ ಕಟ್ಟಿತು.

ಅಕ್ಕೋರು ನನ್ನ ಕಪ್ಪು ನೋಡಿದ್ರು. ಆಮ್ಯಾಲೆ ನನ್ನ ನೋಡಿದ್ರು.

‘ಮೂವತ್ತು ವರ್ಷದಾಗ ನೀ ಇಷ್ಟೊತ್ತು ಸುಮ್ಮ ಕುಂತದ್ದು ನಾ ನೋಡಿಲ್ಲ’ ಅಂದ್ರು. ‘ಖರೇನ ಅಳಿಸೀ ಏನು?’

‘ಹೌದ್ರಿ.’

‘ಪೂರ್ತಿ?’

‘ಕಡೀ ಮೂರು.’

ಬೈತಾರ ಅನ್ಕೊಂಡಿದ್ದೆ. ಬೈದಿದ್ರ ಚಲೋ ಇತ್ತು. ಅವ್ರು ಎದ್ದು, ಕಪಾಟಿನ್ಯಾಗಿಂದ ಬಿಳಿ ಹಾಳಿ ತಗದು ನನ್ನ ಮುಂದ ಇಟ್ರು.

‘ಅರ್ಜಿ ಬರಿ. ಏನು ಮಾಡೀ, ಹೆಂಗ ಮಾಡೀ, ಯಾಕ ಮಾಡೀ. ಕ್ರಮವಾಗಿ.’

‘ಯಾಕ ಅನ್ನೂದನ್ನೂ ಬರೀಬೇಕೇನ್ರಿ?’

‘ಹಂತ ಬಿಟ್ರ ಮಾರ್ಕ್ಸ್ ಇಲ್ಲ.’

ಮೊದಲನೇ ಸಲ ಬರದೆ, ‘ತುಕ್ಕಿನ ಕಾರಣದಿಂದ ಸಂಖ್ಯೆ ಅಳಿಸಿಹೋಗಿದೆ’ ಅಂತ. ಅಕ್ಕೋರು ಅದರ ಮ್ಯಾಲೆ ಕೆಂಪು ಗೆರಿ ಎಳದ್ರು. ‘ತಾನ ಅಳಿಸಿಹೋತೇನು?’ ಎರಡನೇ ಸಲ ಬರದೆ, ‘ನಾನು ಯಂತ್ರ ಬಳಸಿದ್ದರಿಂದ ಸಂಖ್ಯೆ ಅಳಿಸಿದೆ’ ಅಂತ. ಅದಕ್ಕೂ ಗೆರಿ. ‘ಬ್ಯಾಡ ಅಂತ ಯಾರೂ ಹೇಳಿದ್ದಿಲ್ಲೇನು?’ ಮೂರನೇ ಸಲಕ್ಕ ಪೇಂಟರ್ ಭಾಯ್ ಹೇಳಿದ್ದು, ನಾ ಕೇಳದ್ದು, ಆಸಿಡ್ಡು, ತೂತು, ಎಲ್ಲಾ ಬರದು ಸಹಿ ಹಾಕಿದೆ. ಸುತ್ತಿಗಿ ಎತ್ತಿ ಇಳಿಸಿದ್ದು ಮಾತ್ರ ಬರೀಲಿಲ್ಲ. ಅದನ್ನ ಈಗ ನಿಮ್ಮ ಮುಂದ ಹೇಳಾಕತ್ತೇನಿ.

ಆರ್‌ಟಿಓ ಇನ್ಸ್‌ಪೆಕ್ಟರ್ ಸಾಹೇಬ್ರು ಸಣ್ಣ ವಯಸ್ಸಿನವ್ರು, ಸಮಾಧಾನದ ಮನಶ್ಯಾ. ಅರ್ಜಿ ಎರಡು ಸಲ ಓದಿದ್ರು.

‘ಅಜ್ಜಾರ, ಇಂಥಾ ಅರ್ಜಿ ನಾ ಇದುತನಕಾ ನೋಡಿಲ್ಲ. ಎಲ್ಲಾರೂ ತುಕ್ಕು ಅಂತ ಬರೀತಾರ.’

‘ನಾನೂ ಬರದಿದ್ದೆರಿ. ಅಕ್ಕೋರು ನಪಾಸ್ ಮಾಡಿದ್ರು.’

ಆಮ್ಯಾಲೆ ಸಾಹೇಬ್ರು ಒಂದೊಂದ ಹೇಳಿದ್ರು. ಮೊದಲ ಗಾಡಿ ಕಳುವಿಂದಲ್ಲ ಅಂತ ಪೊಲೀಸರ ಕಾಗದಾ ಬೇಕು. ಹಳೇ ದಫ್ತರದಾಗಿನ ಮೂಲ ನೋಂದಣಿ ತಗಸಬೇಕು. ಇಂಜಿನ್ ನಂಬರ್ ಅದಕ್ಕ ತಾಳಿ ಆಗಬೇಕು. ಅಷ್ಟಾದ ಮ್ಯಾಲೆ ನಂಬರ್ ಹೊಸದಾಗಿ ಹೊಡ್ಯಾಕ ಅಪ್ಪಣಿ ಸಿಗತೈತಿ. ತಾವ ಮುಂದ ನಿಂತು ಹೊಡಸ್ತಾರ. ಅದಾದ ಮ್ಯಾಲೆ ಹೆಸರು ಬದಲಿ.

‘ದೀಪಾವಳಿ ಒಳಗ ಆಗತೈತೇನ್ರಿ?’

‘ಆಗಬಹುದು. ಆಗತೈತಿ ಅಂತ ಸುಳ್ಳ ಹೇಳಂಗಿಲ್ಲ ನಾ.’

ಸುಳ್ಳ ಹೇಳಿದ್ರ ಅಡ್ಡಿ ಇರಲಿಲ್ಲ ಅನಸ್ತು ನನಗ.

ಅಲ್ಲಿಂದ ಮುಂದ ನನ್ನ ಕೈಯಾಗ ಏನೂ ಉಳೀಲಿಲ್ಲ. ತಗಡು ಡೊಂಕಾದ್ರ ಬಡದು ನೆಟ್ಟಗ ಮಾಡ್ತೇನಿ, ಹರದ್ರ ಬೆಸಿತೇನಿ. ಕಾಗದಾ ಬಡ್ಯಾಕ ಬರಂಗಿಲ್ಲ. ಪೊಲೀಸರು ಬಂದು ಗಾಡಿ ನೋಡಿ ಹ್ವಾದ್ರು, ಅವ್ರ ಕಾಗದಾ ಮ್ಯಾಲಿನ ಆಫೀಸಿಗೆ ಹೋಗಿ ತಿರುಗಿ ಬರಬೇಕು. ಮೂಲ ನೋಂದಣಿ ಅಂದ್ರ ಕೈಲೆ ಬರದ ಹಳೇ ಪುಸ್ತಕ. ಆಫೀಸಿನ ಅಣ್ಣಾರು ಪಾಪ ಮಾರಿಗೆ ಅರಬಿ ಕಟ್ಕೊಂಡು ಧೂಳದಾಗ ಹುಡಿಕಿ ಕೊಟ್ರು, ಅದಕ್ಕೂ ಒಂದು ತಿಂಗಳ ಹಿಡೀತು. ಯಾರದೂ ತಪ್ಪಿಲ್ಲ. ಒಬ್ಬರದರ ತಪ್ಪ ಇದ್ದಿದ್ರ ಹೋಗಿ ಜಗಳಾ ಮಾಡಿ ಬರ್ತಿದ್ದೆ, ಮನಸ್ಸರ ಹಗರ ಆಗತಿತ್ತು. ತಪ್ಪೆಲ್ಲಾ ನಂದ, ಜಗಳಾ ಯಾರ ಜೋಡಿ ಮಾಡ್ಲಿ?

ವಾರಕ್ಕೊಮ್ಮಿ ಅಕ್ಕೋರಿಗೆ ಫೋನ್ ಮಾಡಿ ಹೇಳಬೇಕಾಗತಿತ್ತು.

‘ಈ ವಾರಾ ಏನಿಲ್ರಿ.’

‘ಹೂಂ.’

ಶ್ರಾವಣ ಬಂತು, ಹೋತು. ಗಣಪ್ಪ ಬಂದಾ, ಹ್ವಾದ. ಒಂದು ಸಲಾ ಫೋನಿನ್ಯಾಗ ಅಕ್ಕೋರು ಕೇಳಿದ್ರು, ‘ಮಿಸ್ತ್ರಿ, ಈಗ ಪುಸ್ತಕ ಓದೂ ಮುಂದ ಸಾಲಿನ ನಡಕಿನ ಅಕ್ಷರ ಕಾಣವಲ್ವು. ಮೊದಲನೇದು ಕಾಣತೈತಿ, ಕಡೀದು ಕಾಣತೈತಿ. ಇದು ಲಗೂ ಲಗೂ ಆಗಾಕತ್ತೈತಿ ಅನಸ್ತೈತಿ.’ ‘ಕತ್ತಲ್ಯಾಗ ಓದಬ್ಯಾಡ್ರಿ’ ಅಂದೆ. ‘ಮಧ್ಯಾಹ್ನ ಓದಾಕತ್ತೇನೋ’ ಅಂದ್ರು.

ದಸರಾದ ಖಂಡೇಪೂಜಿ ದಿನ ಆಟೋದಾಗ ಗ್ಯಾರೇಜಿಗೆ ಬಂದ್ರು. ಪ್ರತಿ ವರ್ಷಾ ತಮ್ಮ ಕಂಪೌಂಡಿನ್ಯಾಗ ಗಾಡಿ ಪೂಜಿ ಮಾಡ್ತಿದ್ರು, ಈ ಸಲ ಗಾಡಿ ನಂತಾಕ ಇತ್ತಲ್ಲ. ಬಾನೆಟ್ಟಿಗೆ ಮೂರು ಬಟ್ಟಲೆ ಇಬತ್ತಿ ಎಳದ್ರು. ಗೆರಿ ಒಂದು ಕಡೆ ಇಳದಿದ್ವು. ಆಮ್ಯಾಲೆ ನನ್ನ ಪಾನಾ, ಸುತ್ತಿಗಿ, ಬೆಸಿಗಿ ಮಷೀನು, ಎಲ್ಲಾಕ್ಕೂ ಕುಂಕುಮ ಹಚ್ಚಿದ್ರು. ಗ್ರೈಂಡರ್ ಒಂದನ್ನ ಬಿಟ್ರು.

‘ಅದಕ್ಕ ಹಚ್ಚಂಗಿಲ್ಲೇನ್ರಿ?’

‘ಅದನ್ನ ಹೊರಗ ನಿಂದ್ರಸು.’

ಪೇಂಟರ್ ಭಾಯ್ ಬಿದ್ದು ಬಿದ್ದು ನಕ್ಕ. ಖರೇನ ಅದನ್ನ ತಗೊಂಡು ಹೋಗಿ ಬಾಗಲದ ಹೊರಗ ಇಟ್ಟು ಬಂದೆ.

ದೀಪಾವಳಿಗೆ ಮೂರು ದಿನ ಇದ್ದಾಗ ಅಪ್ಪಣಿ ಬಂತು. ಸಾಹೇಬ್ರು ಬಂದ್ರು. ತೂತು ಬಿದ್ದ ತಗಡು ಬ್ಯಾಡ ಅಂದು, ಅದರ ಬಾಜೂಕ ಪೂರ್ತಿ ನಂಬರ್ ಹೊಡ್ಯಾಕ ಗಟ್ಟಿ ಇದ್ದ ಜಾಗಾ ತೋರಿಸಿದ್ರು. ತೂತು ಮೊದಲ ಬೆಸದೆ. ಅಂಕಿ ಹೊಡಿಯೂದರ ಕಷ್ಟ ನಿಮಗ ಗೊತ್ತಿರಾಕಿಲ್ಲ. ಒಂದು ಅಂಕಿಗೆ ಒಂದ ಪೆಟ್ಟು. ಸಣ್ಣ ಪೆಟ್ಟಾದ್ರ ಮೂಡಂಗಿಲ್ಲ, ಇನ್ನೊಂದ ಸಲ ಹೊಡದ್ರ ಪಂಚ್ ಅಲ್ಲಾಡಿ ಜೋಡಿ ಅಂಕಿ ಆಗತಾವು, ಜೋರಾಗಿ ಹೊಡದ್ರ ತಗಡು ಕುಣಿ ಬೀಳತೈತಿ. ಹಿಂದ ಸಾಗವಾನಿ ತುಂಡು ಅಡ್ಡ ಹಿಡಕೊಂಡು ಪೇಂಟರ್ ಭಾಯ್ ಡ್ರೈವರ್ ಸೀಟಿನ ಕೆಳಗ ಅಂಗಾತ ಬಿದ್ದಿದ್ದ. ಸಾಹೇಬ್ರು ಒಂದೊಂದ ಅಂಕಿ ಓದಿ ಹೇಳ್ತಿದ್ರು. ಮೊದಲನೇ ಪಂಚ್ ಇಟ್ಟು, ತಗದು, ಮತ್ತ ಇಟ್ಟು ಸುತ್ತಿಗಿ ಎತ್ತಿದೆ.

‘ಉಸ್ತಾದ್, ನನ್ನ ಎದಿ ಮ್ಯಾಲೆ ಹೊಡೀಬ್ಯಾಡಪಾ’ ಅಂತ ಒಳಗಿಂದ ಒದರಿದ ಭಾಯ್.

ಒಂದೂ ತಪ್ಪಲಿಲ್ಲ. ಒಂದೂ ಜೋಡಿ ಆಗಲಿಲ್ಲ. ಸಾಹೇಬ್ರು ತಾವ ಪಟ್ಟಿ ಹಚ್ಚಿ ಪೆನ್ಸಿಲ್ ತಿಕ್ಕಿದ್ರು. ಎಲ್ಲಾ ಅಂಕಿ ಕರ್ರಗ, ಸಾಲಿಗೆ, ಪರೇಡಿಗೆ ನಿಂತಂಗ ನಿಂತಿದ್ವು. ಇದು ನಾ ಹೇಳೂದಲ್ಲ, ಸಾಹೇಬ್ರು ಹೇಳಿದ್ದು: ‘ಕಾರ್ಖಾನ್ಯಾಗೂ ಇಷ್ಟು ನೆಟ್ಟಗ ಹೊಡ್ಯಂಗಿಲ್ಲ.’ ಬೇಕಾದ್ರ ನಂಬ್ರಿ.

ಹೆಸರು ಬದಲಿ ಅರ್ಜಿ ಆ ದಿನಾನ ಮುಂದ ಹೋತು. ನಡಬರಕ ಹಬ್ಬದ ಸೂಟಿ ಬಂದ್ವು. ಗಾಡಿ ಸಪ್ತಾಪುರಕ್ಕ ಮುಟ್ಟಿಸಿ ಬಂದೆ. ಏಜೆಂಟ್ ದಿನಾ ಮುಂಜಾನಿ ಮೊಬೈಲಿನ್ಯಾಗ ಗಾಡಿ ನಂಬರ್ ಹಾಕಿ ನೋಡಿ ಹೇಳ್ತಿದ್ದ. ಮಾಲಕರ ಹೆಸರಿನ ಎರಡ ಅಕ್ಷರ ಕಾಣತಾವು ಅದರಾಗ, ಉಳದದ್ದು ಚುಕ್ಕಿ. ದಿನಾ ಅದ ಎರಡ ಅಕ್ಷರ, ಗಂಡನವು.

ಅಕ್ಕೋರ ಹುಟ್ಟಿದ ದಿನ ಬಂತು. ಸಪ್ತಾಪುರಕ್ಕ ಹ್ವಾದೆ. ಹೋಗೂ ದಾರ್‍ಯಾಗ ಒಂದು ಕೆಟ್ಟ ವಿಚಾರ ಬಂತು. ಝೆರಾಕ್ಸ್ ಅಂಗಡ್ಯಾಗ ಅಕ್ಕೋರ ಹೆಸರು ಹಾಕಿದ ಒಂದು ಬಣ್ಣದ ಆರ್‌ಸಿ ಕಾರ್ಡು ಮಾಡಸಾಕ ಎಷ್ಟೊತ್ತು? ಅವ್ರಿಗೆ ನಡಕಿನ ಅಕ್ಷರ ಕಾಣಂಗಿಲ್ಲ. ಕೈಯಾಗ ಕೊಟ್ರ ತಡವಿ ನೋಡಿ ಗಾಡಿ ತಗೊಂಡು ಹೋಗತಿದ್ರು. ನನ್ನ ಜನ್ಮದಾಗಿನ ದೊಡ್ಡ ಚಾಷ್ಟಿ ಆಗತಿತ್ತದು, ಯಾರಿಗೂ ಗೊತ್ತಾಗದ ಚಾಷ್ಟಿ. ಅಂಗಡಿ ಮುಂದ ನಿಂತೂ ಬಿಟ್ಟಿದ್ದೆ. ಒಳಗ ಹೋಗಲಿಲ್ಲ.

‘ಹೆಸರು ಬರಲಿಲ್ರಿ’ ಅಂದೆ ಅಕ್ಕೋರಿಗೆ.

‘ಬರಲಿಲ್ಲಲ್ಲಾ’ ಅಂದ್ರು.

‘ಇವತ್ತು ಲೈಸೆನ್ಸ್ ಐತ್ರಿ. ಒಂದು ಸುತ್ತು ಹಾಕಿ ಬರ್ರಿ. ಹೆಸರು ಇವತ್ತಲ್ಲ ನಾಳಿ ಆಗೂದ.’

‘ಬ್ಯಾರೆಯವ್ರ ಹೆಸರಿನ ಗಾಡಿ ಐವತ್ತು ವರ್ಷ ಹೊಡದೇನಿ ಮಿಸ್ತ್ರಿ. ಇನ್ನೊಂದು ದಿನಾ ಹೊಡದ್ರ ಏನು ಹೆಚ್ಚಾತು?’ ಅಂದು ಒಳಗ ಹೋಗಿ, ಒಂದು ತಾಟಿನ್ಯಾಗ ಕರದಂಟು ಇಟ್ಕೊಂಡು ಬಂದು ಕೊಟ್ರು. ಹುಟ್ಟಿದ ದಿನ ಅಲ್ಲೇನು. ತಿಂದೆ.

ಹನ್ನೊಂದು ದಿನ ಆದ ಮ್ಯಾಲೆ ಮೊಬೈಲಿನ್ಯಾಗಿನ ಎರಡ ಅಕ್ಷರ ಬದಲಾದ್ವು. ಮತ್ತ ಮೂರು ದಿನಕ್ಕ ಪೋಸ್ಟಿನ್ಯಾಗ ಕಾರ್ಡು ಬಂತು. ಅಕ್ಕೋರು ಫೋನ್ ಮಾಡಿ ‘ಬಾ’ ಅಂದ್ರು, ಅಷ್ಟ.

ಹ್ವಾದೆ. ಕಾರ್ಡು ಬಿಸಲಿಗೆ ಹಿಡದು, ಮಾರಿ ಓರಿ ಮಾಡಿ ಭಾಳೊತ್ತು ನೋಡಿದ್ರು. ‘ಓದು’ ಅಂತ ನನ್ನ ಕೈಯಾಗ ಕೊಟ್ರು. ಅವ್ರ ಹೆಸರು ಓದಿದೆ. ‘ಇನ್ನೊಮ್ಮಿ’ ಅಂದ್ರು. ಓದಿದೆ.

‘ಕಂಪೌಂಡ್ ಒಳಗ ಲೈಸೆನ್ಸ್ ಬೇಕಾಗಂಗಿಲ್ಲ ಹೌದಲ್ಲೋ?’

‘ನಿಮ್ಮ ಜಾಗಾ, ನಿಮ್ಮ ಗಾಡಿ. ಯಾರು ಕೇಳ್ತಾರ?’

ಬಾಡಿಗಿ ಹುಡುಗ್ರ ಗಾಡೀನೆಲ್ಲಾ ನಾನ ಸರಿಸಿ ಹೊರಗ ಹಚ್ಚಿದೆ. ಗೇಟು ಮುಚ್ಚಿದೆ. ಅಕ್ಕೋರು ಸೆರಗು ಸಿಗಸ್ಕೊಂಡು ಡ್ರೈವರ್ ಸೀಟಿಗೆ ಕುಂತ್ರು. ನಾ ಬಾಜೂಕ ಕುಂತೆ. ಚೋಕ್ ಎಳದು ಚಾವಿ ತಿರವಿದ್ರು, ಒಂದ ಸಲಕ್ಕ ಚಾಲೂ ಆತು. ಶೆಡ್ಡಿನಿಂದ ಹೊಂಟು ಗೇಟಿನತ್ಲಾಗ ಸಾವಕಾಶ ಬಿಟ್ರು. ಒಂದು ಮೂವತ್ತು ಹೆಜ್ಜಿ ದೂರ. ನಡಕ ನಿಲ್ಲಿಸಿ, ನನ್ನ ಕಡೆ ತಿರುಗಿ ನಕ್ಕರು. ಇಂಜಿನ್ ಬಂದ್ ಮಾಡಿ ಚಾವಿ ನನ್ನ ಕೈಯಾಗ ಕೊಟ್ರು. ಶೆಡ್ಡಿಗೆ ಹಿಂದಕ್ಕ ನಾನ ತಗೊಂಡು ಹ್ವಾದೆ.

ಇಷ್ಟ ನೋಡ್ರಿ. ಬಟ್ಟು ಇಟ್ಟು ತೋರಸ್ರಿ ಅಂದಿದ್ದೆ. ತೋರಸಾಕ ಆಗಿರಲಿಕ್ಕಿಲ್ಲ. ನಾನ ಹೇಳ್ತೇನಿ. ಪಾಟ್ಲಿ ಖರೇ, ಗ್ರೈಂಡರ್ ಖರೇ, ತೂತು ಖರೇ, ಸಾಹೇಬ್ರು ಹೊಗಳಿದ್ದು ಸೈತ ಖರೇ. ಅಕ್ಕೋರು ನನ್ನ ಕಡೆ ತಿರುಗಿ ನಕ್ಕರು ಅಂದೆನಲ್ಲ, ಅದೊಂದು ನಾ ಕಟ್ಟಿದ್ದು. ನಗಲಿಲ್ಲ. ನಡಕ ಗಾಡಿ ನಿಲ್ಲಿಸಿ, ಸ್ಟೇರಿಂಗ್ ಎರಡೂ ಕೈಲೆ ಹಿಡಕೊಂಡು, ಮುಂದ ನೋಡಕೋತ, ‘ಮಿಸ್ತ್ರಿ, ಗೇಟು ಇನ್ನೂ ಎಷ್ಟು ದೂರ ಐತಿ?’ ಅಂತ ಕೇಳಿದ್ರು. ಗೇಟು ಎದುರಿಗೇ ಇತ್ತು, ಹತ್ತು ಹೆಜ್ಜಿ ಮ್ಯಾಲೆ.